ಕರುವಿಲ್ಲದ ಗಿಣ್ಣು

ಗಂಗಹನುಮಯ್ಯನನ್ನು ದನಗಳ್ಳನೆಂದು ಪೋಲೀಸಿನವರು ಹಿಡಿದುಕೊಂಡು ಹೋದ ದಿನ ನಮ್ಮ ಬೀದಿಯವರಿಗೆಲ್ಲ ಒಂದೇ ಆಶ್ಚರ್ಯ. ಇವನು ಹಸು ಕದ್ದನಲ್ಲಾ ಎಂದಲ್ಲ, ಹಸು ಇವನ ಹಿಂದೆ ಹೋಯಿತಲ್ಲಾ ಎಂದು. ಬೀದಿನಾಯಿ ಕೂಡ ಅವನು 'ಹಚಾ' ಎಂದರೆ ಮಗ್ಗುಲು ಬದಲಿಸಿ ಮಲಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಅಂಥವನು ಕಳ್ಳರ ಸಾಲಿಗೆ ಸೇರಿದನೆಂದರೆ ಅದಕ್ಕೆ ಕಾರಣ ಹಸುವೂ ಅಲ್ಲ, ದುರಾಸೆಯೂ ಅಲ್ಲ. ತಗಡಿನ ಡಬ್ಬಿಯಲ್ಲಿದ್ದ ಒಂದು ಪುಡಿ.

ಈಗ ರಾಮನಗರ ಎನ್ನುತ್ತಾರೆ, ಆಗ ನಮ್ಮೂರಿಗೆ ಕ್ಲೋಸ್‌ಪೇಟೆ ಎಂದು ಹೆಸರು. ಅಲ್ಲಿನ ರೈಲು ಸ್ಟೇಷನ್ನಿನಲ್ಲಿ ಗಂಗಹನುಮಯ್ಯ ದೀಪದ ಆಳು. ಸಂಜೆ ಸಿಗ್ನಲ್ ಕಂಬ ಹತ್ತಿ ದೀಪ ಹಚ್ಚುವುದು, ಬೆಳಗ್ಗೆ ಹತ್ತಿ ಆರಿಸುವುದು, ಮಿಕ್ಕ ಹೊತ್ತು ಗಾಜು ಒರೆಸುವುದು. ಇಷ್ಟಕ್ಕೆ ರೈಲ್ವೆಯವರು ಹಿತ್ತಾಳೆ ಗುಂಡಿಯ ಕೋಟೊಂದನ್ನು ಕೊಟ್ಟಿದ್ದರು. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಬಿಚ್ಚುತ್ತಾನೆ ಎಂದು ಪಕ್ಕದ ಮನೆಯ ಸರಸಮ್ಮ ಹೇಳುತ್ತಿದ್ದಳು. ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಲು ಹೋಗಲಿಲ್ಲ. ಕೋಟು ಬಂದ ಮೇಲೆ ಅವನಿಗೊಂದು ಕಾಯಿಲೆ ಅಂಟಿಕೊಂಡಿತು. ಯಾರು ಏನು ಕೇಳಿದರೂ 'ಗೊತ್ತಿಲ್ಲ' ಎಂದರೆ ರೈಲ್ವೆಗೇ ಅವಮಾನ ಎಂದು ಅವನ ನಂಬಿಕೆ. ಚನ್ನಪಟ್ಟಣದ ಗಾಡಿ ಎಷ್ಟು ಹೊತ್ತಿಗೆ ಎಂದರೆ ಬಾಯಿಗೆ ಬಂದ ಹೊತ್ತು ಹೇಳುತ್ತಿದ್ದ. ಅವನ ಮಾತು ನಂಬಿದವರು ತಾಳಿ ಕಟ್ಟಿದ ಮೇಲೆ ಮದುವೆ ಮನೆಗೆ ತಲುಪಿದ್ದುಂಟು. ಹಾಗೆ ತಲುಪಿದವರಲ್ಲಿ ಮದುವೆಯ ಗಂಡೂ ಒಬ್ಬ ಎಂದು ಹೇಳುವವರಿದ್ದಾರೆ. ನಾನು ಅಷ್ಟೊಂದು ನಂಬುವುದಿಲ್ಲ.

ಮನೆಯಲ್ಲಿ ಅವನೂ ಅವನ ತಾಯಿ ಸಿದ್ದಮ್ಮನೂ ಇಬ್ಬರೇ. ಹೆಂಡತಿ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದಳು, ಮಕ್ಕಳಿಲ್ಲ. ಯುಗಾದಿ ಕಳೆದ ಮೇಲೆ ಸಿದ್ದಮ್ಮನೂ ಹಾಸಿಗೆ ಹಿಡಿದಳು. ಮೊದಲು ಮುದ್ದೆ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು, ಆಷಾಢದ ಹೊತ್ತಿಗೆ ಗಂಜಿಯೂ ಗಂಟಲಲ್ಲಿ ಇಳಿಯದಾಯಿತು. ಪಂಡಿತರು ಬಂದು ನಾಡಿ ಹಿಡಿದು ನೋಡಿ, ಹೊರಗೆ ಬಂದು, "ಇನ್ನು ಪಥ್ಯಗಿಥ್ಯ ಬೇಡಪ್ಪಾ. ಏನು ಕೇಳ್ತಾರೋ ಅದು ಕೊಡು" ಎಂದರು. ಆ ಮಾತಿನ ಅರ್ಥ ಜಗಲಿಯ ಮೇಲೆ ಕೂತಿದ್ದ ನಮಗೆಲ್ಲ ತಿಳಿಯಿತು. ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಗಹನುಮಯ್ಯ ಒಬ್ಬನೇ ಹಿಗ್ಗಿಹೋದ.

"ಕೇಳುದ್ರಾ? ಪಥ್ಯ ಬುಡ್ಸವ್ರೆ! ಇನ್ನೇನು, ಅವ್ವ ಎದ್ದು ಓಡಾಡ್ತಾಳೆ!"

ಅವನು ಒಳಗೆ ಓಡಿ, "ಏನ್ ತಿಂತೀಯವ್ವಾ? ಏನಾರ ಕೇಳು, ತಂದಾಕ್ತೀನಿ" ಎಂದ.

ಸಿದ್ದಮ್ಮ ಮಗನ ಕಡೆಗೆ ಮುಖ ತಿರುಗಿಸಿದಳು. ಆಮೇಲೆ, "ಒಸಿ ಗಿಣ್ಣು ತಿನ್ನಂಗಾಗೈತೆ ಕಣಪ್ಪ" ಎಂದಳು.

"ಅಷ್ಟೇನಾ? ನಾಳೀಕೇ ತಿನ್ನುಸ್ತೀನಿ!"

ಆಡಿದ್ದು ಸುಲಭ. ಬಾದಾಮಿ ಹಲ್ವ ಕೇಳಿದ್ದರೆ ಗಾರ್ಡಿನ ಕೈಕಾಲು ಹಿಡಿದು ಮೈಸೂರಿನಿಂದ ತರಿಸಬಹುದಿತ್ತು. ಗಿಣ್ಣು ಹಾಗಲ್ಲ. ಎಲ್ಲಾದರೂ ಹಸು ಈಯಬೇಕು. ಈದ ಮೊದಲ ದಿನಗಳ ಮಂದ ಹಾಲೇ ಆಗಬೇಕು. ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಹೆಪ್ಪುಗಟ್ಟಿ ಕುಳಿತುಕೊಳ್ಳುತ್ತದೆ. ಆ ಹಾಲನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ, ನೆರೆಹೊರೆಗೆ ಹಂಚುತ್ತಾರೆ. ಹಂಚಿಸಿಕೊಂಡವರು ಸುಮ್ಮನೆ ತಿಂದು ಬಾಯಿ ಒರೆಸಿಕೊಳ್ಳುವ ಹಾಗಿಲ್ಲ. ಕರು ಹೋರಿಯೋ ಕಡಸೋ ಎಂದು ಕೇಳಬೇಕು, ಹೋಗಿ ನೋಡಬೇಕು, ಬಾಣಂತಿ ಹಸುವಿಗೆ ಒಂದು ಹೊರೆ ಹುಲ್ಲನ್ನೋ ಒಂದು ಹಿಡಿ ಹಿಂಡಿಯನ್ನೋ ಹಾಕಿ ಬರಬೇಕು.

ಮಾರನೆಯ ದಿನವೆಲ್ಲ ಗಂಗಹನುಮಯ್ಯ ಪೇಟೆಯ ಕೊಟ್ಟಿಗೆ ಕೊಟ್ಟಿಗೆ ಸುತ್ತಿದ. ಆ ಆಷಾಢದಲ್ಲಿ ಒಂದು ಹಸುವೂ ಈದಿರಲಿಲ್ಲ. ಕೊನೆಗೆ ರೈಲು ಕಂಬಿಯ ಪಕ್ಕ ಒಬ್ಬ ರೈತ ತುಂಬಿದ ಹೊಟ್ಟೆಯ ಕೆಂದ ಹಸುವೊಂದನ್ನು ಹೊಡೆದುಕೊಂಡು ಹೋಗುತ್ತಿದ್ದುದು ಕಾಣಿಸಿತು. ಎಡಗೊಂಬು ಮುರಿದಿತ್ತು, ಬಾಲದ ತುದಿ ಬೆಳ್ಳಗಿತ್ತು. ಇವನು ಅದರ ಸುತ್ತ ದೇವರಿಗೆ ಸುತ್ತುವಂತೆ ಸುತ್ತಿ, ಬಗ್ಗಿ ಕೆಚ್ಚಲು ನೋಡಿ, "ಯಾವಾಗ ಈಯ್ತದಣ್ಣಾ?" ಎಂದು ಕೇಳಿದ.

ರೈತ ಇವನ ಕೋಟನ್ನೊಮ್ಮೆ ನೋಡಿದ. "ನಂಗೇನ್ ಗೊತ್ತಯ್ಯ? ಅದ್ನೇ ಕೇಳು" ಎಂದು ಹೊಡೆದುಕೊಂಡು ಹೋದ.

ಸಂಜೆ ಕಂಬದ ಕೆಳಗೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದವನನ್ನು ವಹಾಬ್ ಸಾಬರು ಕಂಡರು. ವಹಾಬ್ ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಅಡಿಗೆ ಮಾಡಿಕೊಂಡಿದ್ದು, ದೊರೆ ಸೀಮೆಗೆ ಹೊರಟ ಮೇಲೆ ಊರಿಗೆ ಬಂದವರು. ಸಂಗತಿ ಕೇಳಿ ಮನೆಗೆ ಕರೆದುಕೊಂಡು ಹೋಗಿ, ಗೂಡಿನಿಂದ ಒಂದು ಡಬ್ಬಿ ತೆಗೆದರು. ಅದನ್ನು ಮುಟ್ಟಲಿಕ್ಕೇ ಅವರಿಗೆ ಅಸಹ್ಯ.

"ಗಂಗಣ್ಣ, ಇದಕ್ಕೆ ಕಸ್ಟರ್ಡ್ ಪುಡಿ ಅಂತಾರೆ. ಹಾಲಿಗೆ ಹಾಕಿ ಕಾಯ್ಸಿದ್ರೆ ನಿಮ್ಮ ಗಿಣ್ಣಿನ ಥರಾನೇ ಕೂತ್ಕೊಳ್ತದೆ. ಆದ್ರೆ ಒಂದು ಮಾತು. ಇದು ಅಸಲಿ ಅಲ್ಲ. ಅಸಲಿ ಕಸ್ಟರ್ಡು ನನ್ನ ಕೈದು. ಮೊಟ್ಟೆ ಹಳದಿ, ಮಂದ ಹಾಲು, ಸಣ್ಣ ಉರಿ. ಅದು ತಿಂದು ದೊರೆಸಾನಿ ಕಣ್ಣೀರು ಹಾಕಿದ್ರು!"

"ನಮ್ಮವ್ವ ಮೊಟ್ಟೆ ಮುಟ್ಟಾಕಿಲ್ಲ ಸಾಬ್ರೇ. ನಮ್ಮಪ್ಪ ಓದ್ಮೇಲೆ ಎಲ್ಲಾ ಬುಟ್ಬುಟ್ಳು."

"ಅದಕ್ಕೇ ಡಬ್ಬಿ ಕೊಡ್ತಿರೋದು. ಇದರಲ್ಲಿ ಮೊಟ್ಟೆ ಇಲ್ಲ, ಏನೂ ಇಲ್ಲ. ಬರೀ ಹಿಟ್ಟು, ಬರೀ ಬಣ್ಣ. ನಾನು ಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳ್ಬೇಡಪ್ಪಾ, ನನ್ನ ಮರ್ಯಾದೆ ಹೋಗ್ತದೆ."

ಗಂಗಹನುಮಯ್ಯ ಅದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಬಂದ. ಮಾರನೆಯ ದಿನ ಒಲೆ ಹಚ್ಚಿ, ಮೊದಲ ಸಲ, ಗಿಣ್ಣಿಗೆ ಬೆಲ್ಲವೇ ಸರಿ ಎಂದು ಕುದಿಯುವ ಹಾಲಿಗೆ ಬೆಲ್ಲ ಹಾಕಿದ, ಹಾಲು ಒಡೆಯಿತು. ಎರಡನೆಯ ಸಲ ಸಕ್ಕರೆ ಹಾಕಿದ, ಪುಡಿ ಗಂಟು ಗಂಟಾಯಿತು. ಮತ್ತೊಂದು ಸಲ ಕೈ ತಪ್ಪಿ ಬೇಕಾದ್ದಕ್ಕಿಂತ ಹೆಚ್ಚಾಗಿ ಬಿದ್ದು, ತಟ್ಟೆಯಲ್ಲಿ ಸುರಿದು ಆರಿಸಿದಾಗ ಹಳದಿಯಾಗಿ ಗಟ್ಟಿಯಾಗಿ ಕೂತಿತು. ಅದರಿಂದ ಸೋಪಿನಂಥದೊಂದು ವಾಸನೆ ಬರುತ್ತಿತ್ತು. ಮನೆಯಲ್ಲಿದ್ದ ಏಲಕ್ಕಿಯನ್ನೆಲ್ಲ ಕುಟ್ಟಿ ಸುರಿದು ಚೌಕ ಕತ್ತರಿಸಿ ತಾಯಿಯ ಬಾಯಿಗಿಟ್ಟ.

ಸಿದ್ದಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ನಾಲಿಗೆಯ ಮೇಲೇ ಇಟ್ಟುಕೊಂಡಳು.

"ಗಿಣ್ಣು ಎಂಗೈತವ್ವಾ?"

ಅವಳು ಕಣ್ಣು ಬಿಟ್ಟು ಮಗನ ಮುಖ ನೋಡಿದಳು. "ಚೆಂದಾಗೈತೆ ಕಣಪ್ಪ. ಇನ್ನೊಂದ್ ಚೂರು ಇಡು."

ವಾರಗಟ್ಟಲೆ ಏನೂ ಒಳಗಿಳಿಯದಿದ್ದವಳು ಎರಡು ತುಂಡು ತಿಂದಳು. ಗಂಗಹನುಮಯ್ಯ ಗೋಡೆಯ ಕಡೆ ತಿರುಗಿ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಸರಸಮ್ಮ ನಿಂತಿದ್ದಳು.

"ಅಯ್ಯೋ, ಗಿಣ್ಣು! ಯಾರ ಮನೇಲಿ ಹಸ ಈಯ್ತಣ್ಣಾ?"

'ಗೊತ್ತಿಲ್ಲ' ಎನ್ನಬಹುದಿತ್ತು. ತಾಯಿ ಕೇಳಿಸಿಕೊಳ್ಳುತ್ತಿದ್ದಳು. ಮೈಮೇಲೆ ಕೋಟು ಬೇರೆ.

"ನಂದೇ ಹಸ. ಒಸದಾಗಿ ಕಟ್ಟಿವ್ನಿ."

"ನಿಂದಾ! ಕರ ಹೋರಿಯೋ, ಕಡಸೋ?"

"ಕಡಸು."

"ಹಸ ಯಾವ ಬಣ್ಣ?"

ಪಾಪ, ಅವನಿಗೆ ಕಲ್ಪನೆ ಎನ್ನುವುದು ದೇವರು ಕೊಟ್ಟಿರಲಿಲ್ಲ. ಹಿಂದಿನ ದಿನ ಕಣ್ಣಲ್ಲಿ ತುಂಬಿಕೊಂಡಿದ್ದು ಒಂದೇ ಹಸು. "ಕೆಂದ ಹಸ. ಎಡಗೊಂಬು ಮುರ್ದೈತೆ. ಬಾಲದ ತುದಿ ಬೆಳ್ಳಗೈತೆ."

"ಎಲ್ಲಿ ಕಟ್ಟಿದ್ದೀಯೆ?"

"ಸ್ಟೇಷನ್ ಹಿಂದ್ಗಡೆ. ರೈಲ್ವೆ ಜಾಗ. ಬ್ಯಾರೆಯೋರು ಹೋಗಂಗಿಲ್ಲ."

ಹಿತ್ತಿಲ ಬಾಗಿಲಿಂದ ಹೊರಟ ಸರಸಮ್ಮ ಬೀದಿಯ ಬಾಗಿಲಿಂದ ತನ್ನ ಮನೆ ಸೇರುವಷ್ಟರಲ್ಲಿ ಸುದ್ದಿ ಪೇಟೆಯ ಕೊನೆ ಮುಟ್ಟಿತ್ತು. ಸಂಜೆಯಿಂದ ಜನ ಬರತೊಡಗಿದರು. ಒಬ್ಬ ಹುಲ್ಲಿನ ಹೊರೆ ತಂದ, ಇನ್ನೊಬ್ಬ ಹುರುಳಿ ಬೇಯಿಸಿ ತಂದ, ಗುಲ್ಜಾರ್ ಬೀ ಎಂಬ ಮುದುಕಿ ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಮೂಟೆ ಕಟ್ಟಿ ತಂದಳು. ಜಗಲಿ ತುಂಬಿ, ಬಾಗಿಲಿಗೆ ಅಡ್ಡ ಬಂದು, ಗಂಗಹನುಮಯ್ಯ ತನ್ನ ಮನೆಗೆ ತಾನೇ ಹುಲ್ಲಿನ ಮೇಲೆ ತೆವಳಿಕೊಂಡು ಹೋಗಬೇಕಾಯಿತು. ಬಂದವರಿಗೆಲ್ಲ ಒಂದೊಂದು ಚೂರು ಕಸ್ಟರ್ಡು ಕೊಡಬೇಕು. ಇವನು ಕಾಯಿಸಿದ್ದೇ ಕಾಯಿಸಿದ್ದು. ಎಲ್ಲರೂ ತಿಂದು ತಲೆದೂಗಿ, ಹಸುವಿಗೆ ಎಂಥದೋ ಸೊಪ್ಪು ಮೇಯಿಸಿದ್ದೀಯ, ಹಾಲಿಗೆ ವಾಸನೆ ಬಂದಿದೆ ಎಂದು ಬುದ್ಧಿ ಹೇಳಿ ಹೋದರು.

ಮಾರನೆಯ ಬೆಳಗ್ಗೆ ಆ ಹುಲ್ಲಿನ ಗುಡ್ಡೆಯ ಮುಂದೆ ಕೂಟಗಲ್ಲಿನ ಮುನಿಯಪ್ಪ ಬಂದು ನಿಂತ. ಕಂಬಿಯ ಪಕ್ಕದಲ್ಲಿ ಹಸು ಹೊಡೆದುಕೊಂಡು ಹೋಗಿದ್ದವನು ಅವನೇ. ಅವತ್ತು ಸಂಜೆಯೇ ಹಸು ಹಗ್ಗ ಕಿತ್ತುಕೊಂಡು ಕಾಣೆಯಾಗಿತ್ತು. ಅವನ ಹಿಂದೆ ದಫೇದಾರರು.

"ಇವ್ನೇ ಸ್ವಾಮಿ! ಇದೇ ಕೋಟು! ನನ್ ಹಸೀನ ಸುತ್ತಾಡಿ ಸುತ್ತಾಡಿ, ಬಗ್ಗಿ ಕೆಚ್ಲು ನೋಡಿ, ಯಾವಾಗ ಈಯ್ತದೆ ಅಂತ ಕೇಳ್ದೋನು ಇವ್ನೇ!"

ದಫೇದಾರರು ಬಹಳ ಕ್ರಮದ ಮನುಷ್ಯ. ಮೊದಲು ಪಂಚರನ್ನು ಕರೆಸಿದರು. ತಟ್ಟೆ ತರಿಸಿದರು. ವಸ್ತು ಗಿಣ್ಣು ಹೌದೋ ಅಲ್ಲವೋ ಎಂದು ಮಹಜರು ನಡೆಸಬೇಕೆಂದರು. ಮೊದಲನೆಯ ಪಂಚ ಒಂದು ತುಂಡು ತಿಂದು, ಒಂದರಲ್ಲಿ ಹೇಳುವುದು ಕಷ್ಟ ಎಂದ. ಎರಡನೆಯವನು ಎರಡು ತಿಂದು, ಗಿಣ್ಣೇ, ಆದರೆ ಈದ ಮಾರನೆಯ ದಿನದ ಹಾಲು ಎಂದ. ದಫೇದಾರರು ಸರ್ಕಾರದ ಪರವಾಗಿ ಮೂರು ತಿಂದರು. ಮುನಿಯಪ್ಪ ಒಂದು ಚೂರು ಬಾಯಿಗಿಟ್ಟವನೇ ಗೋಳೋ ಎಂದು ಅತ್ತುಬಿಟ್ಟ.

"ನಮ್ ಗೌರೀದೇ ಹಾಲು ಕಣ್ರಪ್ಪೋ! ಇದ್ರ ರುಚಿ ನಂಗ್ ಗೊತ್ತಾಗಾಕಿಲ್ವಾ? ಮಗಳಂಗೆ ಸಾಕಿದ್ನಲ್ರಪ್ಪಾ!"

ನನ್ನ ಸರದಿ ಬರುವ ಹೊತ್ತಿಗೆ ಸಾಕ್ಷ್ಯವೆಲ್ಲ ಮುಗಿದು ತಟ್ಟೆ ಮಾತ್ರ ಉಳಿದಿತ್ತು.

ಗದ್ದಲ ಕೇಳಿ ವಹಾಬ್ ಓಡಿ ಬಂದರು. ಒಳ್ಳೆಯ ಮನುಷ್ಯ, ತನ್ನ ಮರ್ಯಾದೆಯನ್ನೂ ಬಿಟ್ಟು, "ಸ್ವಾಮಿ, ತಪ್ಪು ತಿಳ್ಕೊಂಡಿದ್ದೀರಿ, ಅದು ಗಿಣ್ಣಲ್ಲ, ಅದು..." ಎಂದು ಶುರು ಮಾಡಿದರು. ಒಳಗಿನ ಬಾಗಿಲು ತೆರೆದೇ ಇತ್ತು. ಹಾಸಿಗೆಯಿಂದ ಸಿದ್ದಮ್ಮನ ಕೆಮ್ಮು ಕೇಳಿಸಿತು. ಗಂಗಹನುಮಯ್ಯ ಸಾಬರ ಕಾಲನ್ನು ಬಲವಾಗಿ ತುಳಿದ.

"ಗಿಣ್ಣೇ ಸ್ವಾಮಿ" ಎಂದ. ಧ್ವನಿ ತಗ್ಗಿಸಿ, "ಹಸ ನಾನೇ ಕದ್ದೆ. ನಡೀರಿ ಓಗಣ. ಇಲ್ಲಿ ಮಾತ್ರ ಜೋರಾಗಿ ಮಾತಾಡ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ದಫೇದಾರರ ಮುಂದೆ ಇಷ್ಟು ಸಲೀಸಾಗಿ ಯಾರೂ ಒಪ್ಪಿಕೊಂಡಿರಲಿಲ್ಲ. ಅದಕ್ಕೇ ಅನುಮಾನ ಬಂದು ಒಳಗೆ ಹೋದರು.

"ಯಾಕಪ್ಪಾ ಇಷ್ಟೊಂದ್ ಜನ?" ಎಂದಳು ಸಿದ್ದಮ್ಮ.

"ಗಿಣ್ಣು ತಿನ್ನಾಕ್ ಬಂದವ್ರೆ ಕಣವ್ವ" ಎಂದ ಮಗ, ದಫೇದಾರರ ಬೆನ್ನ ಹಿಂದಿನಿಂದ.

"ಎಲ್ಲಾರ್ಗೂ ಕೊಡು ಮತ್ತೆ."

ದಫೇದಾರರು ಟೋಪಿ ತೆಗೆದು ಬಗ್ಗಿ ಕೇಳಿದರು. "ಅಜ್ಜೀ, ದೇವರ ಮೇಲೆ ಪ್ರಮಾಣ ಮಾಡಿ ಹೇಳು. ನಿನ್ನ ಮಗ ನಿನಗೆ ತಿನ್ನಿಸಿದ್ದು ಏನು?"

ಸಿದ್ದಮ್ಮ ಪೋಲೀಸಿನ ಪಟ್ಟಿ ನೋಡಿದಳು, ಮಗನ ಮುಖ ನೋಡಿದಳು. ಅವನು ಅವಳನ್ನೇ ನೋಡುತ್ತ ನಿಂತಿದ್ದ, ಶಾಲೆಯಲ್ಲಿ ಪೆಟ್ಟು ತಿನ್ನುವ ಹುಡುಗರು ನಿಲ್ಲುವ ಹಾಗೆ.

"ಗಿಣ್ಣು ಕಣಪ್ಪ" ಎಂದಳು. "ದೇವ್ರಾಣೆಗೂ ಗಿಣ್ಣು. ಇಂಥಾ ಗಿಣ್ಣು ನಾನು ಉಟ್ಟಿದಾಗ್ನಿಂದ ತಿಂದಿಲ್ಲ."

ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಗುತ್ತದೆ? ಗಂಗಹನುಮಯ್ಯನನ್ನು ಕರೆದುಕೊಂಡು ಹೋದರು. "ಕಂಬದ ದೀಪ ಆರ್ಸ್ಬುಟ್ ಬತ್ತೀನಿ ಕಣವ್ವ, ಒಸಿ ತಡಾಗ್ತದೆ" ಎಂದು ಹೇಳಿ ಅವನು ಹೊರಟಾಗ, ಅವತ್ತಿನವರೆಗೆ ಅವನನ್ನು ನೋಡಿ ನಗುತ್ತಿದ್ದ ನನಗೆ ಯಾಕೋ ನಗು ಬರಲಿಲ್ಲ. ಸರಸಮ್ಮ ಮಾತ್ರ ತನ್ನ ಬಾಯಿಗೆ ತಾನೇ ಹೊಡೆದುಕೊಂಡು, ಆ ರಾತ್ರಿಯೆಲ್ಲ ಮುದುಕಿಯ ಪಕ್ಕ ಕೂತಳು.

ಪೋಲೀಸ್ ಸ್ಟೇಷನ್ನಿನಲ್ಲಿ ಹಸು ಎಲ್ಲಿ ಎಂದು ಕೇಳಿದರು. ಅವನು ಮಾಗಡಿಗೆ ಮಾರಿದೆ ಎಂದ. ಯಾರಿಗೆ ಎಂದರೆ, ಕನಕಪುರದವರಿಗೆ ಎಂದ. ಕನಕಪುರದವರಿಗೆ ಮಾಗಡಿಯಲ್ಲಿ ಯಾಕೆ ಮಾರಿದೆ ಎಂದರೆ, ರೈಲ್ವೆ ಕಾನೂನು ಎಂದ. ಇತ್ತ ವಹಾಬ್ ಡಬ್ಬಿ ಹಿಡಿದು ಹೋಗಿ ದಫೇದಾರರ ಮೇಜಿನ ಮೇಲಿಟ್ಟು ಎಲ್ಲ ವಿವರಿಸಿದರು. ದಫೇದಾರರು ಡಬ್ಬಿ ಮೂಸಿ ನೋಡಿ ನಕ್ಕುಬಿಟ್ಟರು.

"ಏನ್ರೀ ಸಾಬರೇ, ಪುಡಿಯಿಂದ ಗಿಣ್ಣು ಆಗೋದಾದ್ರೆ ಜನ ಹಸು ಯಾಕ್ರೀ ಕಟ್ತಾರೆ? ಕಳ್ಳ ಒಪ್ಪಿದಾನೆ, ಹೆತ್ತ ತಾಯಿ ಸಾಕ್ಷಿ ಹೇಳಿದಾಳೆ, ನಾನೇ ಖುದ್ದಾಗಿ ಮೂರು ತುಂಡು ತಿಂದಿದೀನಿ. ಹೋಗಿ, ಹೋಗಿ."

ಮರುದಿನ ಹೊತ್ತು ಏರುವ ಮುಂಚೆ ಮುನಿಯಪ್ಪ ಸ್ಟೇಷನ್ನಿಗೆ ಓಡಿ ಬಂದ. ತಲೆಯ ಮೇಲೆ ಪಂಚೆ ಮುಚ್ಚಿದ ಹಿತ್ತಾಳೆ ಪಾತ್ರೆ. ಹಸು ಬೆಟ್ಟದ ಬಂಡೆಯ ಸಂದಿಯಲ್ಲಿ ಈದು, ಕರುವನ್ನು ಮುಂದೆ ಬಿಟ್ಟುಕೊಂಡು ಹಿಂದಿನ ಸಂಜೆಯೇ ತಾನೇ ನೆಟ್ಟಗೆ ಕೂಟಗಲ್ಲಿಗೆ ಬಂದುಬಿಟ್ಟಿತ್ತು. ಕರು ಹೋರಿ.

"ತಪ್ಪಾಯ್ತು ಕಣಣ್ಣಾ" ಎಂದು ಮುನಿಯಪ್ಪ ಸರಳಿನ ಈಚೆ ನಿಂತು ಅತ್ತ. "ಕದೀದೇ ಇದ್ದೋನು ಕದ್ದೆ ಅಂತ ಯಾಕಣ್ಣಾ ಅಂದೆ? ಇಕೋ, ಗಿಣ್ಣು ಮಾಡುಸ್ಕಂಡ್ ಬಂದಿವ್ನಿ. ದಾರೀಲಿ ಸಾಬ್ರು ಸಿಕ್ಕಿ ಎಲ್ಲಾ ಏಳುದ್ರು. ನಡಿ, ನಿಮ್ಮವ್ವಂಗೆ ಕೊಡಣ."

ಗಂಗಹನುಮಯ್ಯನ ಮುಖ ಅರಳಿತು. ನಿಜವಾದ ಗಿಣ್ಣು! ಇನ್ನು ಸುಳ್ಳು ಹೇಳುವ ಗೋಳೇ ಇಲ್ಲ. ದಫೇದಾರರು ಬೀಗ ತೆಗೆಯುವುದು ಸಾವಕಾಶವಾಯಿತೆಂದು ಅವರನ್ನೇ ಗದರಿಸಿ, ಪಾತ್ರೆ ಎತ್ತಿಕೊಂಡು ಬೀದಿಯಲ್ಲಿ ಓಡಿದ. ಮುನಿಯಪ್ಪನೂ ವಹಾಬರೂ ಹಿಂದೆ ಓಡಿದರು. ಏನಾಗುತ್ತದೋ ನೋಡೋಣ ಎಂದು ನಾವೂ ಹೋದೆವು.

ಸಿದ್ದಮ್ಮನ ಉಸಿರು ಆಗಲೇ ಮೇಲುಮೇಲಕ್ಕೆ ಬಂದಿತ್ತು. ಸರಸಮ್ಮ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದಳು. ಮಗ ಚೂರೇ ಚೂರು ಗಿಣ್ಣನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಯ ಮೇಲಿಟ್ಟ.

"ಇದು ನಿನ್ ಕೈದಲ್ವಲ್ಲ" ಎಂದಳು ಸಿದ್ದಮ್ಮ.

"ಅಲ್ಲ ಕಣವ್ವ. ಕೂಟಗಲ್ಲಿನೋರು ತಂದವ್ರೆ. ಇದು..." ಅವನ ನಾಲಿಗೆ ತಡವರಿಸಿತು. "ಇದೂ ಗಿಣ್ಣೇ."

"ಇದು ಗಿಣ್ಣು. ಗೊತ್ತು." ಅವಳು ಉಸಿರು ಹಿಡಿದುಕೊಂಡು ಮತ್ತೆ ಹೇಳಿದಳು. "ಅದ್ ಏನ್ಲಾ ಅದು, ಆವತ್ತು ನೀ ಮಾಡಿದ್ದು?"

ಗಂಗಹನುಮಯ್ಯ ಪಾತ್ರೆಯನ್ನು ಕೆಳಗಿಟ್ಟ.

"ನಿಂಗ್ ಗೊತ್ತಿತ್ತಾ?"

"ದನಗೋಳ ಮಧ್ಯೇನೇ ಬೆಳದೋಳು ಕಣ್ಲಾ ನಾನು. ನಾಲ್ಗೆ ಮೇಲೆ ಮಡಗ್ದೇಟ್ಗೇ ಗೊತ್ತಾಯ್ತು. ನೀ ಗಿಣ್ಣು ಗಿಣ್ಣು ಅಂತ ಕುಣೀತಿದ್ದೆ. ಅಲ್ಲ ಅಂದ್ರೆ ನೀ ನೊಂದ್ಕತೀಯ ಅಂತ ಸುಮ್ಕಾದೆ."

"ಅವ್ವಾ! ನಿಂಗ್ ಗೊತ್ತಾಗ್ಬಾರ್ದು ಅಂತ ನಾನು ಜೈಲಿಗೋಗ್ ಬಂದ್ನಲ್ಲವ್ವಾ!"

"ನೀ ಸುಳ್ಳ ಆಗ್ಬಾರ್ದು ಅಂತ ನಾನು ದೇವ್ರ ಮೇಲೆ ಆಣೆ ಇಕ್ದೆ. ಸಾಯೋ ವಯಸ್ನಲ್ಲಿ." ಅವಳ ಮುಖದಲ್ಲಿ ಒಂದು ಸಣ್ಣ ನಗೆ ಬಂದು ಹೋಯಿತು. "ಅದೇ ಮಾಡ್ಕೊಡು ಓಗಪ್ಪ. ಅದೇ ಚೆಂದಾಗಿತ್ತು. ಒಸಿ ಸಕ್ಕರೆ ಕಮ್ಮಿ ಆಕು."

ಅಸಲಿ ಗಿಣ್ಣು ಹೊತ್ತು ಕೂಟಗಲ್ಲಿನಿಂದ ಓಡಿ ಬಂದಿದ್ದ ಮುನಿಯಪ್ಪ ತಲೆ ತಗ್ಗಿಸಿ ನಿಂತ. ಡಬ್ಬಿಯ ಪುಡಿಯನ್ನು ಜನ್ಮದಲ್ಲಿ ಹೊಗಳದ ವಹಾಬ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಗಂಗಹನುಮಯ್ಯ ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದ, ಹಾಲಿಟ್ಟ. ಅಲ್ಲಿಂದಲೇ ಕೂಗಿ ಕೂಗಿ ಮಾತಾಡತೊಡಗಿದ.

"ಅವ್ವಾ, ಹಾಲು ಕಾಯ್ತಾ ಐತೆ ಕಣವ್ವಾ!"

"ಉರಿ ಸಣ್ಣಗಿಡ್ಲಾ."

"ಪುಡಿ ಆಕ್ದೆ ಕಣವ್ವಾ! ಈ ದಪ ಗಂಟಾಗ್ನಿಲ್ಲ!"

"ಹೂಂ."

"ಸಕ್ಕರೆ ಇಷ್ಟು ಸಾಕೇನವ್ವಾ?"

ಒಳಗೆ ಸರಸಮ್ಮ ಬಗ್ಗಿ ನೋಡಿ, ಸಿದ್ದಮ್ಮನ ರೆಪ್ಪೆಗಳನ್ನು ಬೆರಳಿನಿಂದ ಮುಚ್ಚಿದಳು. ಯಾರೂ ಅಳಲಿಲ್ಲ, ಅತ್ತರೆ ಅಡಿಗೆಮನೆಗೆ ಕೇಳಿಸುತ್ತದೆ ಎಂದು. ವಹಾಬ್ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಅವ್ವಾ, ಸಾಕಾ?"

ಗಂಗಹನುಮಯ್ಯ ತಿರುಗಿ ನೋಡಲಿಲ್ಲ. ಸೌಟು ಆಡಿಸುತ್ತಲೇ ಇದ್ದ. ಹಾಲು ಹಳದಿಯಾಗಿ ಮಂದವಾಯಿತು, ಗಟ್ಟಿಯಾಯಿತು, ತಳ ಹಿಡಿದು ಸೀದ ವಾಸನೆ ಮನೆಯೆಲ್ಲ ತುಂಬಿತು. ಆಗಲೂ ಅವನು ಆಡಿಸುತ್ತಿದ್ದ. ಸಾಕು ಇಳಿಸಪ್ಪಾ ಎಂದು ಹೇಳಲು ನಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.